ವರದಿ ಬರುವ ತನಕ

ಪುಸ್ತಕದ ಗುಣದೋಷಗಳನ್ನು ಹೇಳಹೊರಟವನು ತನ್ನ ಮನೆಯ ಸಂಗತಿಯನ್ನು ನಡುವೆ ತರಬಾರದೆಂದು ಹಿರಿಯರು ಹೇಳುತ್ತಾರೆ. ಈ ಪುಟಗಳಲ್ಲಿ ಇಷ್ಟು ವರ್ಷ ಬರೆಯುವಾಗ ನಾನೂ ಆ ಮಾತನ್ನು ಪಾಲಿಸಿಕೊಂಡೇ ಬಂದಿದ್ದೇನೆ. ಈ ಸಲ ಅದು ಸಾಧ್ಯವಾಗಲಿಲ್ಲ. ಓದುಗರು ಮನ್ನಿಸಬೇಕು.

ಮೂವತ್ತು ವರ್ಷ ಮುಂಬಯಿಯಲ್ಲಿ ಉದ್ಯೋಗ ಮಾಡಿ ನಿವೃತ್ತನಾದ ಮೇಲೆ ನಾನು ವಿಜಯವಾಡದಲ್ಲಿ ಮಗಳ ಮನೆ ಸೇರಿದ್ದೇನೆ. ನನ್ನ ತಂಗಿಯ ಸಂಸಾರ ವಿಶಾಖಪಟ್ಟಣದಲ್ಲಿದೆ. ಅವಳಿಗೆ ಒಬ್ಬನೇ ಮಗ. ಈಗ ಇಪ್ಪತ್ತನಾಲ್ಕರ ಪ್ರಾಯ. ಕಳೆದ ವರ್ಷ ಅವನ ಕುತ್ತಿಗೆಯ ಎಡಬದಿಯಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ನೋವಿರಲಿಲ್ಲ. ರಾತ್ರಿ ಹೊದಿಕೆ ತೊಯ್ಯುವಷ್ಟು ಬೆವರು, ಆಗಾಗ ಸಣ್ಣ ಜ್ವರ. ಬಯಾಪ್ಸಿ ಆಯಿತು. ಹಾಜ್‌ಕಿನ್ ಲಿಂಫೋಮಾ ಎಂದರು. ಇಂಗ್ಲೆಂಡಿನ ಥಾಮಸ್ ಹಾಜ್‌ಕಿನ್ ಎಂಬ ವೈದ್ಯ 1832ರಲ್ಲಿ ವಿವರಿಸಿದ, ಎಳೆಯ ಪ್ರಾಯದವರನ್ನು ಹುಡುಕಿಕೊಂಡು ಬರುವ ಕ್ಯಾನ್ಸರ್ ಇದು. ಇವತ್ತಿನ ಔಷಧಗಳಿಗೆ ಚೆನ್ನಾಗಿ ಬಗ್ಗುವ ಕಾಯಿಲೆಯೂ ಹೌದು. ವಾಸಿಯಾಗುವವರೇ ಹೆಚ್ಚು ಎಂದು ಡಾಕ್ಟರು ಮೊದಲ ದಿನವೇ ಹೇಳಿದರು.

ಅಂದಿನಿಂದ ನನಗೆ ರತ್ನಾಚಲ ಎಕ್ಸ್‌ಪ್ರೆಸ್ಸಿನ ಪರಿಚಯ ಬೆಳೆಯಿತು. ಬೆಳಗ್ಗೆ ಆರರ ಸುಮಾರಿಗೆ ವಿಜಯವಾಡ ಬಿಟ್ಟು, ಏಲೂರು ದಾಟಿ, ರಾಜಮಹೇಂದ್ರಿಯಲ್ಲಿ ಗೋದಾವರಿಯನ್ನು ಹಾಯ್ದು, ತುನಿ, ಅನಕಾಪಲ್ಲಿಗಳನ್ನು ಹಿಂದೆ ಹಾಕಿ ಮಧ್ಯಾಹ್ನದ ಹೊತ್ತಿಗೆ ವಿಶಾಖಪಟ್ಟಣ ಮುಟ್ಟುವ ಗಾಡಿ. ಸುಮಾರು 350 ಕಿಲೋಮೀಟರು. ಪ್ರತಿ ಸಲವೂ ಚೀಲದಲ್ಲಿ ಹುಡುಗನಿಗೆಂದು ಒಂದೆರಡು ಪುಸ್ತಕಗಳಿರುತ್ತಿದ್ದವು. ಕಾಯಿಲೆಯನ್ನು ಗೆದ್ದವರ ಕಥೆಗಳು, ಸಾವನ್ನು ಧೈರ್ಯದಿಂದ ಎದುರಿಸಿದವರ ಕಥೆಗಳು. ಅವನು ಓದುವ ಹುಡುಗ. ಎಲ್ಲವನ್ನೂ ಓದಿದ. ಒಂದು ದಿನ ಪುಸ್ತಕಗಳನ್ನು ಜೋಡಿಸಿ ನನ್ನ ಕೈಗೆ ಕೊಡುತ್ತಾ ಕೇಳಿದ:

“ಮಾಮ, ಇದರಲ್ಲೆಲ್ಲ ಒಂದೋ ಸಾಯ್ತಾರೆ, ಇಲ್ಲಾಂದ್ರೆ ಗೆದ್ದು ಬರ್ತಾರೆ. ನನ್ನ ಹಾಗೆ ರಿಪೋರ್ಟು ಕೈಲಿಟ್ಟುಕೊಂಡು ಸುಮ್ನೆ ಕೂತವರು ಯಾರೂ ಇಲ್ವಾ?”

ನನ್ನ ಬಳಿ ಉತ್ತರವಿರಲಿಲ್ಲ. ಈ ಲೇಖನ ಆ ಉತ್ತರವನ್ನು ಹುಡುಕುವ ಪ್ರಯತ್ನ.

ಮೊದಲು ಅವನ ಕೈಯಲ್ಲಿದ್ದ ರಿಪೋರ್ಟಿನ ಮಾತು. ಹಾಜ್‌ಕಿನ್ ಕಾಯಿಲೆಗೆ ಸಾಮಾನ್ಯವಾಗಿ ಕೊಡುವುದು ಎ.ಬಿ.ವಿ.ಡಿ. ಎಂಬ ನಾಲ್ಕು ಔಷಧಗಳ ಕೂಟ. ಇಟಲಿಯ ಮಿಲಾನಿನಲ್ಲಿ ಬೊನಡೋನ್ನಾ ಎಂಬ ವೈದ್ಯರು 1970ರ ದಶಕದಲ್ಲಿ ಬಳಕೆಗೆ ತಂದದ್ದು. ಹದಿನೈದು ದಿನಕ್ಕೊಮ್ಮೆ ನರದ ಮೂಲಕ ಕೊಡುತ್ತಾರೆ. ಎರಡು ತಿಂಗಳಾದ ಮೇಲೆ, ಔಷಧ ಹಿಡಿಯಿತೇ ಇಲ್ಲವೇ ಎಂದು ನೋಡಲು ಪೆಟ್ ಸ್ಕ್ಯಾನ್. ಬರಿಹೊಟ್ಟೆಯಲ್ಲಿರುವವನಿಗೆ ಸಕ್ಕರೆಯನ್ನು ಹೋಲುವ, ಸ್ವಲ್ಪ ವಿಕಿರಣ ಹೊಮ್ಮಿಸುವ ದ್ರವವನ್ನು ಚುಚ್ಚುತ್ತಾರೆ. ಒಂದು ಗಂಟೆ ಅಲುಗಾಡದೆ ಮಲಗಬೇಕು. ದೇಹದಲ್ಲಿ ಎಲ್ಲಿ ಸಕ್ಕರೆಯ ಹಸಿವು ಹೆಚ್ಚೋ ಅಲ್ಲಿ ಚಿತ್ರ ಬೆಳಗುತ್ತದೆ. ಕ್ಯಾನ್ಸರಿಗೆ ಆ ಹಸಿವು ಹೆಚ್ಚು.

ಆ ಬೆಳಕನ್ನು ಅಳೆಯಲು ಐದು ಮೆಟ್ಟಿಲಿನ ಒಂದು ಮಾಪನವಿದೆ. ಫ್ರಾನ್ಸಿನ ಡೋವಿಲ್ ಎಂಬ ಕಡಲತೀರದ ಊರಿನಲ್ಲಿ 2009ರಲ್ಲಿ ಸೇರಿದ ತಜ್ಞರು ಒಪ್ಪಿಕೊಂಡದ್ದರಿಂದ ಅದಕ್ಕೆ ಆ ಊರಿನದೇ ಹೆಸರು. ಬೆಳಕು ಇಲ್ಲದಿದ್ದರೆ 1. ಎದೆಯ ನಡುವೆ ಹರಿಯುವ ರಕ್ತದಷ್ಟು ಅಥವಾ ಅದಕ್ಕಿಂತ ಕಡಿಮೆ ಇದ್ದರೆ 2. ಅದಕ್ಕಿಂತ ಹೆಚ್ಚಾಗಿ, ಯಕೃತ್ತಿಗಿಂತ ಹೆಚ್ಚಿಲ್ಲದಿದ್ದರೆ 3. ಯಕೃತ್ತನ್ನು ಮೀರಿದರೆ 4. ಬಹಳ ಮೀರಿದರೆ, ಇಲ್ಲವೆ ಹೊಸ ಜಾಗದಲ್ಲಿ ರೋಗ ಕಂಡರೆ 5. ಒಂದು, ಎರಡು ಬಂದವರು ಸಿಹಿ ಹಂಚುತ್ತಾರೆ. ನಾಲ್ಕು, ಐದು ಬಂದವರಿಗೆ ಮುಂದಿನ ದಾರಿ ಕಠಿಣವಾದರೂ ದಾರಿ ಯಾವುದೆಂದು ತಿಳಿಯುತ್ತದೆ. ನಮ್ಮ ಹುಡುಗನಿಗೆ ಬಂದದ್ದು 3. ಒಂದು ಕಡಲತೀರದ ಊರಿನ ಹೆಸರು ಇನ್ನೊಂದು ಕಡಲತೀರದ ಊರಿನ ಕಾಗದದಲ್ಲಿ ಅಚ್ಚಾಗಿ ಬಂತು, ಹೀಗೂ ಅಲ್ಲದ ಹಾಗೂ ಅಲ್ಲದ ಅಂಕಿಯೊಂದನ್ನು ಜೊತೆಗಿಟ್ಟುಕೊಂಡು.

ಈಗಿನ ರೂಢಿಯಲ್ಲಿ ಇಂಥ 3ನ್ನು ಹೆಚ್ಚಾಗಿ ಒಳ್ಳೆಯದೆಂದೇ ಎಣಿಸುತ್ತಾರೆಂದು ಡಾಕ್ಟರು ಸಮಾಧಾನ ಹೇಳಿ ಚಿಕಿತ್ಸೆ ಮುಂದುವರಿಸಿದರು. ಆರು ಸುತ್ತು ಮುಗಿದವು. ಮತ್ತೆ ಸ್ಕ್ಯಾನ್. ಕುತ್ತಿಗೆ ಶುಭ್ರ. ಆದರೆ ಎದೆಮೂಳೆಯ ಹಿಂದೆ ಹೊಸದಾಗಿ ಒಂದು ಬೆಳಕು. ಅಲ್ಲಿ ಥೈಮಸ್ ಎಂಬ ಗ್ರಂಥಿಯಿದೆ. ಬಾಲ್ಯದಲ್ಲಿ ದೊಡ್ಡದಾಗಿದ್ದು ವಯಸ್ಸಾದಂತೆ ಕುಗ್ಗುತ್ತದೆ. ಎಳೆಯರಲ್ಲಿ ಕೀಮೋದ ಹೊಡೆತಕ್ಕೆ ಬಾಡಿ, ಆಮೇಲೆ ಮಳೆ ಬಿದ್ದ ಗಿಡದ ಹಾಗೆ ಮತ್ತೆ ಚಿಗುರುತ್ತದಂತೆ. ಆ ಚಿಗುರೂ ಸ್ಕ್ಯಾನಿನಲ್ಲಿ ಬೆಳಗುತ್ತದೆ. ಮುದುಕನಾದ ನನಗಾಗಿದ್ದರೆ ಈ ಗೊಂದಲ ಬಹುಶಃ ಬರುತ್ತಿರಲಿಲ್ಲ. ಅವನ ಪ್ರಾಯವೇ ಅವನ ವರದಿಯನ್ನು ಮಸುಕು ಮಾಡಿತು. “ಬಹುಶಃ ಥೈಮಸ್ಸೇ ಇರಬೇಕು. ಮೂರು ತಿಂಗಳು ಬಿಟ್ಟು ನೋಡೋಣ” ಎಂದರು ಡಾಕ್ಟರು. ಅವರದು ಪ್ರಾಮಾಣಿಕವಾದ ಮಾತು. ಮೂಳೆಯ ಹಿಂದೆ ಸೂಜಿ ಹಾಕುವುದಕ್ಕಿಂತ ಕಾಯುವುದೇ ಜಾಣತನ. ಆದರೆ ಆ “ಬಹುಶಃ” ಎಂಬ ಪದವನ್ನು ಮೂರು ತಿಂಗಳು ಹೊತ್ತುಕೊಂಡು ತಿರುಗಬೇಕಾದವನು ಅವನು.

ಇಲ್ಲಿ ನಮ್ಮ ಭಾಷೆಯ ಒಂದು ಪದ ನೆನಪಾಗುತ್ತದೆ. “ಅನುಮಾನ” ಎಂದರೆ ಇಂದು ನಾವು ಸಂಶಯ ಎಂದು ತಿಳಿಯುತ್ತೇವೆ. ತರ್ಕಶಾಸ್ತ್ರದಲ್ಲಿ ಅದರ ಅರ್ಥ ಬೇರೆ: ಕಂಡದ್ದರಿಂದ ಕಾಣದ್ದನ್ನು ತಿಳಿಯುವ ಕ್ರಮ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆಯೆಂದು ಊಹಿಸುವುದು. ಪೆಟ್ ಸ್ಕ್ಯಾನ್ ಮಾಡುವುದೂ ಇದನ್ನೇ. ಆದರೆ ಅಲ್ಲಿ ಕಾಣುವ ಹೊಗೆಗೆ ಒಂದೇ ಬೆಂಕಿಯಲ್ಲ. ಸೋಂಕು ಇದ್ದರೂ ಬೆಳಗುತ್ತದೆ, ಕ್ಷಯವಿದ್ದರೂ ಬೆಳಗುತ್ತದೆ, ಚಿಗುರುವ ಥೈಮಸ್ಸೂ ಬೆಳಗುತ್ತದೆ. ಶಾಸ್ತ್ರದ ಅನುಮಾನ ಮುಗಿಯದೆ ಉಳಿದ ಕಡೆ ಮನೆಯ ಅನುಮಾನ ಶುರುವಾಗುತ್ತದೆ. ನನ್ನ ತಂಗಿಯ ಮನೆಯಲ್ಲಿ ಆದದ್ದು ಅದು. ನೆಗೆಟಿವ್ ಎಂದರೆ ಒಳ್ಳೆಯದು, ಪಾಸಿಟಿವ್ ಎಂದರೆ ಕೆಟ್ಟದ್ದು ಎಂಬುದನ್ನು ಕಲಿಯಲು ಅವಳಿಗೆ ಒಂದು ತಿಂಗಳು ಹಿಡಿದಿತ್ತು. ಎರಡೂ ಅಲ್ಲದ್ದಕ್ಕೆ ಅವಳಲ್ಲಿ ಪದವೇ ಇರಲಿಲ್ಲ. ಅಕ್ಕಪಕ್ಕದವರು ಗೇಟಿನ ಬಳಿ ನಿಂತು “ರಿಪೋರ್ಟ್ ವಚ್ಚಿಂದಾ?” ಎಂದು ಕೇಳಿದರೆ ಅವಳು “ವಚ್ಚಿಂದಿ” ಎನ್ನುತ್ತಾಳೆ. ಏನು ಬಂತೆಂದು ಕೇಳಿದರೆ ಒಳಗೆ ಹೋಗುತ್ತಾಳೆ.

ಈಗ ಕಥೆಗಳ ಕಡೆಗೆ ಬರೋಣ. ಕ್ಯಾನ್ಸರ್ ಎಂಬ ಪದವನ್ನು ನಮ್ಮ ಮನೆಗಳಿಗೆ ತಂದದ್ದು ಪುಸ್ತಕಗಳಿಗಿಂತ ಮೊದಲು ಸಿನಿಮಾ. ಹೃಷಿಕೇಶ್ ಮುಖರ್ಜಿಯವರ 1971ರ ‘ಆನಂದ್’ ಚಿತ್ರವನ್ನು ನೋಡಿ ಅಳದ ಮುಂಬಯಿಗರು ಕಡಿಮೆ. ರಾಜೇಶ್ ಖನ್ನಾ ಬಾಯಲ್ಲಿ ಲಿಂಫೋಸಾರ್ಕೋಮಾ ಎಂಬ ಹೆಸರೇ ಒಂದು ತಮಾಷೆಯಾಯಿತು. ನಮ್ಮ ಹುಡುಗನ ಕಾಯಿಲೆಯ ದಾಯಾದಿ ಅದು. ಒಳ್ಳೆಯ ಚಿತ್ರವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಕಟ್ಟಡವನ್ನು ಗಮನಿಸಿ. ಆನಂದನ ಬಗ್ಗೆ ಬರೆದ ಪುಸ್ತಕಕ್ಕೆ ಡಾಕ್ಟರ್ ಭಾಸ್ಕರನಿಗೆ ಬಹುಮಾನ ಬರುವುದರಿಂದ ಚಿತ್ರ ಆರಂಭವಾಗುತ್ತದೆ. ಅಂದರೆ ಎಲ್ಲವೂ ಮುಗಿದ ಮೇಲೆ ಹೇಳಿದ ಕಥೆ. ಎಷ್ಟು ತಿಂಗಳು ಉಳಿದಿವೆಯೆಂಬುದು ಭಾಸ್ಕರನಿಗೆ ಗೊತ್ತು, ಆನಂದನಿಗೆ ಗೊತ್ತು, ನಮಗೂ ಗೊತ್ತು. ಆನಂದನ ನಗುವಿಗೆ ಅಷ್ಟು ಹೊಳಪು ಬಂದದ್ದು ಈ ಖಚಿತತೆಯಿಂದಲೇ. ಗೊತ್ತಿಲ್ಲದವನು ಹಾಗೆ ನಗಲಾರ. ಅವನು ಮುಂದಿನ ತಿಂಗಳ ಬಾಡಿಗೆಯ ಲೆಕ್ಕವನ್ನೂ ಹಾಕಬೇಕು.

ತೆಲುಗಿನಲ್ಲಿ ದಾಸರಿ ನಾರಾಯಣರಾವ್ ಅವರ ‘ಪ್ರೇಮಾಭಿಷೇಕಂ’ 1981ರಲ್ಲಿ ಬಂತು. ಅಕ್ಕಿನೇನಿ ನಾಗೇಶ್ವರರಾವ್, ಶ್ರೀದೇವಿ, ಜಯಸುಧಾ ಅಭಿನಯಿಸಿದ ಈ ಚಿತ್ರದ ಮಾತು ಬಂದರೆ ವಿಜಯವಾಡದ ಹಿರಿಯರು ಇವತ್ತಿಗೂ ಎದ್ದು ಕೂರುತ್ತಾರೆ. ತನಗೆ ಕ್ಯಾನ್ಸರ್ ಎಂದು ತಿಳಿದ ನಾಯಕ, ಪ್ರೀತಿಸಿದವಳು ತನ್ನನ್ನು ದ್ವೇಷಿಸುವಂತೆ ನಟಿಸಿ ಅವಳನ್ನು ದೂರ ಮಾಡುತ್ತಾನೆ. ತ್ಯಾಗದ ಈ ಮಾದರಿ ನಮ್ಮ ಕನ್ನಡ ಪ್ರೇಕ್ಷಕರಿಗೂ ಹೊಸದಲ್ಲ. ಅದೇ ವರ್ಷ ಬಂದ ಶಂಕರ್‌ನಾಗರ ‘ಗೀತಾ’ ಚಿತ್ರದಲ್ಲಿಯೂ ಕಾಯಿಲೆ ಬಂದದ್ದು ಪ್ರೇಮಕ್ಕೆ ಕೊನೆಯ ತೆರೆ ಎಳೆಯಲಿಕ್ಕೆ. ಇವುಗಳಲ್ಲಿ ವೈದ್ಯನ ಪಾತ್ರಕ್ಕೆ ಒಂದೇ ಕೆಲಸ. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಕನ್ನಡಕ ತೆಗೆದು, ದಿನ ಹೇಳುವುದು. ನಿಜವಾದ ವೈದ್ಯರು ದಿನ ಹೇಳುವುದಿಲ್ಲ. “ತಾಳೆ ನೋಡಬೇಕು” ಎನ್ನುತ್ತಾರೆ.

ಸಿನಿಮಾದ ಸುಳ್ಳು ಸಿನಿಮಾದಲ್ಲೇ ಉಳಿದರೆ ತಕರಾರಿಲ್ಲ. ಉಳಿಯುವುದಿಲ್ಲ. ನಮ್ಮ ಹುಡುಗ ಒಂದು ಮಧ್ಯಾಹ್ನ, ತನಗೆ ನಿಶ್ಚಯವಾಗುವುದರಲ್ಲಿದ್ದ ಸಂಬಂಧದವರಿಗೆ ತಾನೇ ಫೋನು ಮಾಡಿ ಬೇಡವೆಂದು ಹೇಳಿಬಿಟ್ಟ. ತಾಯಿಯನ್ನೂ ಕೇಳಲಿಲ್ಲ. ಆ ಮನೆಯವರು ಬೇಡವೆಂದಿರಲಿಲ್ಲ, ಕಾಯುತ್ತೇವೆಂದಿದ್ದರು. ಕೀಮೋ ಆರಂಭಿಸುವ ಮೊದಲೇ ಡಾಕ್ಟರು ಮುಂದೆ ಮಕ್ಕಳಾಗುವ ವಿಷಯವನ್ನು ಬಿಡಿಸಿ ಹೇಳಿ, ವೀರ್ಯವನ್ನು ಶೇಖರಿಸಿಡುವ ವ್ಯವಸ್ಥೆಯನ್ನೂ ಮಾಡಿಸಿದ್ದರು. ಇವನಿಗೊಂದು ಮುಂದಿನ ಕಾಲವಿದೆ ಎಂದು ವೈದ್ಯಶಾಸ್ತ್ರ ನಂಬಿ ಲೆಕ್ಕ ಹಾಕಿತ್ತು. ಅವನ ತಲೆಯಲ್ಲಿದ್ದ ಕಥೆ ನಂಬಲಿಲ್ಲ. ತ್ಯಾಗ ಮಾಡುವುದೇ ನಾಯಕನ ಲಕ್ಷಣವೆಂದು ಅವನು ಯಾವ ಚಿತ್ರದಿಂದ ಕಲಿತನೋ ನಾನರಿಯೆ. ಆದರೆ ಕಾಯುವುದೂ ಒಂದು ನಡತೆಯೆಂದು ಅವನಿಗೆ ಕಲಿಸಿದ ಚಿತ್ರ ಒಂದೂ ಇರಲಿಲ್ಲ.

ಮಣಿರತ್ನಂ ಅವರ 1989ರ ತೆಲುಗು ಚಿತ್ರ ‘ಗೀತಾಂಜಲಿ’ಗೆ ಇಲ್ಲಿ ಒಂದು ಮೆಚ್ಚುಗೆಯ ಮಾತು ಸಲ್ಲಬೇಕು. ಅದರಲ್ಲಿ ನಾಯಕನಿಗೆ ಕ್ಯಾನ್ಸರ್, ನಾಯಕಿಗೆ ಹೃದ್ರೋಗ. ಊಟಿಯ ಮಂಜು, ಇಳಯರಾಜರ ಸಂಗೀತ ಎಲ್ಲವೂ ಕೂಡಿ ಕಾಯಿಲೆಯನ್ನು ಅಲಂಕಾರ ಮಾಡಿಬಿಡುತ್ತವೆ ಎಂಬ ಆಕ್ಷೇಪ ನಿಜ. ಆದರೂ ಆ ಚಿತ್ರ ಇಬ್ಬರಲ್ಲಿ ಯಾರ ಸಾವನ್ನೂ ತೋರಿಸದೆ ಮುಗಿಯುತ್ತದೆ. ಎಷ್ಟು ದಿನವೆಂದು ತಿಳಿಯದೆ ಇಬ್ಬರೂ ಜೊತೆಯಾಗುತ್ತಾರೆ. ಬಾಗಿಲು ಅರ್ಧ ತೆರೆದೇ ಇರುತ್ತದೆ. ನಮ್ಮ ಜನಪ್ರಿಯ ಕಥೆಗಳಲ್ಲಿ ಅಷ್ಟು ದೂರ ಬಂದದ್ದೇ ದೊಡ್ಡದು.

ಸಾವಿನ ಕಥೆಗಳಿಗೆ ಎದುರಾಗಿ ಈಚಿನ ವರ್ಷಗಳಲ್ಲಿ ಗೆಲುವಿನ ಕಥೆಗಳು ಹುಟ್ಟಿಕೊಂಡಿವೆ. ಅವುಗಳಲ್ಲಿ ನಮ್ಮ ದೇಶದಲ್ಲಿ ಹೆಚ್ಚು ಜನರಿಗೆ ತಲುಪಿದ್ದು ಕ್ರಿಕೆಟ್ ಆಟಗಾರ ಯುವರಾಜ್ ಸಿಂಗ್ ಅವರದು. 2013ರಲ್ಲಿ ಬಂದ ಅವರ ಇಂಗ್ಲಿಷ್ ಪುಸ್ತಕ ‘ದಿ ಟೆಸ್ಟ್ ಆಫ್ ಮೈ ಲೈಫ್’ ಬರೆಯುವುದರಲ್ಲಿ ಶಾರದಾ ಉಗ್ರ ಮತ್ತು ನಿಶಾಂತ್ ಜೀತ್ ಅರೋರಾ ಅವರಿಗೆ ನೆರವಾಗಿದ್ದಾರೆ. ನಮ್ಮ ಹುಡುಗ ಹೆಚ್ಚು ಸಲ ತಿರುವಿದ ಪುಸ್ತಕವೂ ಅದೇ. ಆದ್ದರಿಂದ ಅದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಸಂಗತಿಗಳು ಎಲ್ಲರಿಗೂ ತಿಳಿದವು. 2011ರ ವಿಶ್ವಕಪ್ಪಿನಲ್ಲಿ ಯುವರಾಜ್ 362 ಓಟ ಹೊಡೆದು, 15 ವಿಕೆಟ್ ಕಿತ್ತು ಸರಣಿಯ ಶ್ರೇಷ್ಠ ಆಟಗಾರನೆನಿಸಿದರು. ಮದರಾಸಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ 113 ಹೊಡೆದ ದಿನ ಮೈದಾನದಲ್ಲೇ ವಾಂತಿ ಮಾಡಿಕೊಂಡಿದ್ದರು. ಕೆಮ್ಮು, ಉಬ್ಬಸ ಬಿಡಲಿಲ್ಲ. ಆ ವರ್ಷದ ನವೆಂಬರಿನಲ್ಲಿ, ಎದೆಯಲ್ಲಿ ಗಡ್ಡೆಯಿತ್ತು, ಆದರೆ ಕ್ಯಾನ್ಸರಿನದಲ್ಲ ಎಂಬ ಸುದ್ದಿ ಪತ್ರಿಕೆಗಳಲ್ಲಿ ಬಂತು. ನಾವೆಲ್ಲ ನೆಮ್ಮದಿಪಟ್ಟೆವು. 2012ರ ಫೆಬ್ರುವರಿಯಲ್ಲಿ ಅದೇ ಪತ್ರಿಕೆಗಳು ಅದು ಕ್ಯಾನ್ಸರೇ ಎಂದವು. ಎರಡು ಶ್ವಾಸಕೋಶಗಳ ನಡುವೆ ಬೆಳೆದ ಸೆಮಿನೋಮಾ. ಆಗ ಅವರಿಗೆ ಮೂವತ್ತು ವರ್ಷ. ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಡಾಕ್ಟರ್ ಲಾರೆನ್ಸ್ ಐನ್‌ಹಾರ್ನ್ ಅವರ ಬಳಿ ಮೂರು ಸುತ್ತು ಕೀಮೋ ಪಡೆದು ಏಪ್ರಿಲಿನಲ್ಲಿ ತಾಯ್ನಾಡಿಗೆ ಮರಳಿದರು.

ಪುಸ್ತಕದ ದೊಡ್ಡ ಗುಣ ಅದರ ಬಿಚ್ಚುಮನಸ್ಸು. ಲಕ್ಷಣಗಳನ್ನು ತಾನು ಅಲಕ್ಷಿಸಿದ್ದು, ಆಟ ಕೈತಪ್ಪುವ ಭಯಕ್ಕೆ ಕಾಯಿಲೆಯನ್ನು ನಂಬದೆ ಹೋದದ್ದು ಎಲ್ಲವನ್ನೂ ಯುವರಾಜ್ ಮುಚ್ಚಿಡುವುದಿಲ್ಲ. ಪ್ರಾಯದವನಿಗೆ ದೇಹವೆಂದರೆ ದುಡಿಯುವ ಉಪಕರಣ. ಅದು ಕೆಟ್ಟಿದೆಯೆಂದು ಒಪ್ಪಿಕೊಳ್ಳುವುದು ಸೋಲು. ಈ ಮನಸ್ಥಿತಿಯನ್ನು ಅವರಷ್ಟು ನೇರವಾಗಿ ಹೇಳಿದವರು ನಮ್ಮಲ್ಲಿ ಕಡಿಮೆ. ನನ್ನ ಮಟ್ಟಿಗೆ ಪುಸ್ತಕದ ಜೀವ ಇರುವುದು ಹೌದು-ಅಲ್ಲಗಳ ನಡುವಿನ ಆ ತಿಂಗಳುಗಳಲ್ಲಿ.

ಆದರೆ ಪುಸ್ತಕಕ್ಕೆ ಅಲ್ಲಿ ನಿಲ್ಲುವ ತಾಳ್ಮೆಯಿಲ್ಲ. ಅದರ ಉಪಶೀರ್ಷಿಕೆಯೇ ಕ್ರಿಕೆಟ್ಟಿನಿಂದ ಕ್ಯಾನ್ಸರಿಗೆ ಹೋಗಿ ಮರಳಿದ ಪ್ರಯಾಣವೆಂದು ಸಾರುತ್ತದೆ. ಮರಳಿ ಬಂದವನೆಂದು ಹೊದಿಕೆಯ ಮೇಲೇ ಅಚ್ಚಾದ ಮೇಲೆ ನಡುವಿನ ಸಂದೇಹಗಳೆಲ್ಲ ಮೆಟ್ಟಿಲುಗಳಾಗಿಬಿಡುತ್ತವೆ. ಓದುಗ ಅವುಗಳ ಮೇಲೆ ಕಾಲಿಟ್ಟು ಹತ್ತಿಹೋಗುತ್ತಾನೆ, ಕೂರುವುದಿಲ್ಲ. ಇದು ಯುವರಾಜ್ ಒಬ್ಬರ ದೋಷವಲ್ಲ. ಗುಣವಾದ ಮೇಲೆ ಬರೆಯುವ ಎಲ್ಲರ ಕಷ್ಟ ಇದು. ತಮಗೇ ತಿಳಿದುಹೋದದ್ದನ್ನು ತಿಳಿಯದವರಂತೆ ಬರೆಯುವುದು ಸುಲಭವಲ್ಲ.

ಅವರ ಕಥೆಯಲ್ಲಿ ವಿಶಾಖಪಟ್ಟಣದ ಒಂದು ಸಂಜೆಯಿದೆ. ಜನರ ನೆನಪಿನಿಂದ ಅದು ಜಾರಿಹೋಗಿದೆ. ಚಿಕಿತ್ಸೆಯ ನಂತರ ಯುವರಾಜ್ ಮತ್ತೆ ಭಾರತದ ಪರವಾಗಿ ಆಡಬೇಕಾಗಿದ್ದದ್ದು 2012ರ ಸೆಪ್ಟೆಂಬರ್ 8ರಂದು, ನ್ಯೂಜಿಲೆಂಡಿನ ಎದುರು, ಇದೇ ವಿಶಾಖಪಟ್ಟಣದ ಮೈದಾನದಲ್ಲಿ. ಅಂದು ಮಳೆ ಬಂತು. ಒಂದು ಚೆಂಡನ್ನೂ ಎಸೆಯದೆ ಪಂದ್ಯ ರದ್ದಾಯಿತು. ಮೂರು ದಿನದ ಮೇಲೆ ಚೆನ್ನೈಯಲ್ಲಿ ಅವರು 26 ಚೆಂಡಿಗೆ 34 ಹೊಡೆದರು. ಭಾರತ ಒಂದೇ ಓಟದಿಂದ ಸೋತರೂ ಜನ ನೆನಪಿಟ್ಟುಕೊಂಡದ್ದು ಆ ಚೆನ್ನೈಯ ಸಂಜೆಯನ್ನು. ಸಹಜವೇ. ಆದರೆ ನಮ್ಮ ಹುಡುಗನಿಗೆ ಬೇಕಾಗಿದ್ದದ್ದು ಮಳೆಯ ಸಂಜೆ. ಆಡಲು ಸಿದ್ಧನಾಗಿ ಬಂದವನಿಗೆ ಆಟವೂ ಸಿಗದೆ, ಸೋಲೂ ಸಿಗದೆ ಉಳಿದ ಹೊತ್ತು. ಅವನಿಗಾಗ ಹದಿಹರೆಯವೂ ಬಂದಿರಲಿಲ್ಲ. ಅಪ್ಪನ ಜೊತೆ ಟಿವಿಯ ಮುಂದೆ ಕೂತು, ಹೊದಿಕೆ ಹಾಸಿದ ಪಿಚ್ಚನ್ನೇ ರಾತ್ರಿಯವರೆಗೂ ನೋಡಿದ್ದು ಅವನಿಗೆ ಇನ್ನೂ ನೆನಪಿದೆ.

ನಮ್ಮವರಾದ ಅನಿಲ್ ಕುಂಬ್ಳೆ ಇಂಡಿಯಾನಾಪೊಲಿಸ್‌ಗೆ ಹೋಗಿ ಯುವರಾಜರನ್ನು ಕಂಡುಬಂದ ಸಂಗತಿ ಓದುಗರಿಗೆ ತಿಳಿದಿರಬಹುದು. ತನ್ನ ಹಳೆಯ ಆಟದ ಚಿತ್ರಗಳನ್ನು ನೋಡುತ್ತಾ ಕೂತಿದ್ದಾಗ ಕುಂಬ್ಳೆ ಬಂದು ಲ್ಯಾಪ್‌ಟಾಪನ್ನು ಮುಚ್ಚಿ, ಮೊದಲು ಆರೋಗ್ಯ ನೋಡಿಕೊ ಎಂದರೆಂದು ಯುವರಾಜ್ ಮುಂದೆ ಹೇಳಿಕೊಂಡಿದ್ದಾರೆ. ನೂರು ಧೈರ್ಯದ ಮಾತಿಗಿಂತ ಈ ಸಣ್ಣ ಘಟನೆ ನನಗೆ ಹೆಚ್ಚು ಅರ್ಥಪೂರ್ಣವಾಗಿ ಕಾಣುತ್ತದೆ. ಕುಂಬ್ಳೆ ಗೆಲ್ಲುತ್ತೀಯೆಂದು ಭರವಸೆ ಕೊಡಲಿಲ್ಲ. ಹಿಂದಿನದನ್ನು ಮುಚ್ಚಿ ಇವತ್ತಿನ ಬಳಿ ಕೂರಿಸಿದರು.

ಕಾಯಿಲೆಗೆ ಯುದ್ಧದ ಮಾತನ್ನು ಹಚ್ಚುವುದರ ಬಗ್ಗೆ ಅಮೆರಿಕದ ಲೇಖಕಿ ಸೂಸನ್ ಸೊಂಟಾಗ್ 1978ರಲ್ಲೇ ತಮ್ಮ ಪುಸ್ತಕವೊಂದರಲ್ಲಿ ಎಚ್ಚರಿಸಿದ್ದರು. ಅವರೂ ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರು. ಯುದ್ಧವೆಂದಮೇಲೆ ಸೋತವನು ಸರಿಯಾಗಿ ಹೋರಾಡಲಿಲ್ಲ ಎಂಬ ಅರ್ಥ ಹಿಂದೆಯೇ ಬರುತ್ತದೆ. ಅದಕ್ಕೆ ನಾನು ಒಂದು ಮಾತು ಸೇರಿಸಬಯಸುತ್ತೇನೆ. ಯುದ್ಧಕ್ಕೆ ಎದುರಾಳಿ ಬೇಕು. ಎದೆಮೂಳೆಯ ಹಿಂದಿನ ಬೆಳಕು ಶತ್ರುವೋ, ಸ್ವಂತ ದೇಹದ ಚಿಗುರೋ ತಿಳಿಯದವನು ಯಾರ ಮೇಲೆ ಕತ್ತಿ ಎತ್ತಬೇಕು? “ಧೈರ್ಯವಾಗಿ ಹೋರಾಡಪ್ಪ” ಎಂದು ಬಂಧುಗಳು ಫೋನಿನಲ್ಲಿ ಹೇಳಿದಾಗ ಅವನು “ಸರಿ” ಎನ್ನುತ್ತಿದ್ದ. ಇಟ್ಟಮೇಲೆ ನನ್ನ ಮುಖ ನೋಡುತ್ತಿದ್ದ.

ಹಾಗಾದರೆ ಕಾಯುವವನ ಕಥೆ ಎಲ್ಲೂ ಇಲ್ಲವೇ? ನಮ್ಮ ಸಾಹಿತ್ಯಕ್ಕೆ ಕಾಯುವಿಕೆ ಹೊಸದಲ್ಲ. ಪು.ತಿ.ನ. ಅವರು ಅಹಲ್ಯೆ, ಶಬರಿ ಇಬ್ಬರನ್ನೂ ಗೀತನಾಟಕಗಳಿಗೆ ತಂದರು. ಆದರೆ ಆ ತಾಯಂದಿರ ಕಾಯುವಿಕೆಯ ತುದಿಯಲ್ಲಿ ರಾಮನಿದ್ದಾನೆ, ಅವನು ಬಂದೇ ಬರುತ್ತಾನೆಂದು ಕೇಳುವವರಿಗೆಲ್ಲ ಗೊತ್ತು. ಈಚೆಗೆ ಭಾರತಿ ಬಿ.ವಿ. ಅವರು ತಮ್ಮ ಸ್ತನ ಕ್ಯಾನ್ಸರಿನ ಅನುಭವವನ್ನು ‘ಸಾಸಿವೆ ತಂದವಳು’ ಎಂಬ ಪುಸ್ತಕದಲ್ಲಿ ಹೇಳಿದ್ದಾರೆ. ಸಾವಿಲ್ಲದ ಮನೆಯ ಸಾಸಿವೆಯನ್ನು ತರಲಾರದೆ ಹೋದ ಕಿಸಾಗೋತಮಿಯನ್ನು ಹೆಸರೇ ನೆನಪಿಸುತ್ತದೆ. ಕನ್ನಡದಲ್ಲಿ ಇಂಥ ಪುಸ್ತಕ ಬಂದದ್ದು ದೊಡ್ಡ ಉಪಕಾರ. ಆದರೂ “ತಂದವಳು” ಎಂದಮೇಲೆ ಅದು ಮರಳಿ ಬಂದವಳ ಮಾತೇ ಆಯಿತು.

ಕೊನೆಗೆ ನಾನು ರತ್ನಾಚಲದಲ್ಲಿ ಒಯ್ದದ್ದು ರಷ್ಯಾದ ಸೊಲ್ಜೆನಿತ್ಸಿನ್ ಅವರ ‘ಕ್ಯಾನ್ಸರ್ ವಾರ್ಡ್’ ಕಾದಂಬರಿಯ ಇಂಗ್ಲಿಷ್ ಅನುವಾದವನ್ನು. ಸ್ವತಃ ತಾಷ್ಕೆಂಟಿನ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದವರು ಅವರು. ಕಾದಂಬರಿ ನಡೆಯುವುದು 1955ರಲ್ಲಿ. ಅದರಲ್ಲಿ ವಾದಿಂ ಎಂಬ ಇಪ್ಪತ್ತಾರು-ಇಪ್ಪತ್ತೇಳರ ಭೂವಿಜ್ಞಾನಿಯಿದ್ದಾನೆ. ಕಾಲಿನಲ್ಲಿ ಮಾರಕವಾದ ಗಡ್ಡೆ. ಅವನಿಗೆ ಬೇಕಾದ ಔಷಧದ ಚಿನ್ನ ದೂರದಿಂದ ಬರಬೇಕು, ತಾಯಿ ಅದಕ್ಕಾಗಿ ಓಡಾಡುತ್ತಿದ್ದಾಳೆ. ಅದು ಬರುವ ತನಕ ಅವನು ಹಾಸಿಗೆಯ ಮೇಲೆ ತನ್ನ ಶಾಸ್ತ್ರದ ಪುಸ್ತಕ ಓದುತ್ತಾನೆ, ಒಂದು ದಿನವೂ ವ್ಯರ್ಥವಾಗಬಾರದೆಂದು. ಕಥಾನಾಯಕ ಕೊಸ್ತೊಗ್ಲೊತೊವನಿಗೆ ಮೂವತ್ತನಾಲ್ಕು. ಕೊನೆಯಲ್ಲಿ ಅವನನ್ನು ಆಸ್ಪತ್ರೆಯಿಂದ ಬಿಡುತ್ತಾರೆ. ಪೂರ್ತಿ ಗುಣವಾಯಿತೇ? ಲೇಖಕರು ಹೇಳುವುದಿಲ್ಲ. ರೈಲಿನ ಮೇಲಿನ ಹಲಗೆಯ ಮೇಲೆ ಅವನು ಮಲಗಿ ಹೋಗುವಲ್ಲಿಗೆ ಕಾದಂಬರಿ ಮುಗಿಯುತ್ತದೆ.

ಈ ಕಾದಂಬರಿಯನ್ನು ರಾಜಕೀಯದ ರೂಪಕವೆಂದು ಓದುವವರೇ ಹೆಚ್ಚು. ಅದೂ ಸರಿ. ಆದರೆ ವಾರ್ಡಿನವರು ತಮ್ಮ ಕಾಯಿಲೆಯ ಹೆಸರನ್ನೂ ತಿಳಿಯದೆ, ಡಾಕ್ಟರ ಮುಖವನ್ನೇ ವರದಿಯಂತೆ ಓದುತ್ತಾ, ನಡುವೆ ಚಹಾಕ್ಕೆ, ಕಿಟಕಿಯ ಜಾಗಕ್ಕೆ ಜಗಳವಾಡುತ್ತಾ ದಿನ ತಳ್ಳುವುದನ್ನು ಅವರಷ್ಟು ಸಾವಧಾನವಾಗಿ ತೋರಿಸಿದವರು ವಿರಳ. ಹುಡುಗ ಆ ದಪ್ಪ ಪುಸ್ತಕವನ್ನು ಹನ್ನೊಂದು ದಿನದಲ್ಲಿ ಓದಿದ. “ವಾದಿಂ ಸ್ವಲ್ಪ ಅಹಂಕಾರಿ ಮಾಮ, ಆದರೂ ಅವನು ಪರವಾಗಿಲ್ಲ” ಎಂದ. ಅದು ಅವನ ವಿಮರ್ಶೆ.

ಇಷ್ಟನ್ನೆಲ್ಲ ಹೇಳಿ ನಾನು ಕೇಳುವುದು ಒಂದೇ. ಕಾಯಿಲೆಯ ಕಥೆಯನ್ನು ತೂಗುವಾಗ ಅದು ಎಷ್ಟು ಅಳಿಸಿತು, ಎಷ್ಟು ಸ್ಫೂರ್ತಿ ಕೊಟ್ಟಿತು ಎಂದು ನೋಡುವುದರ ಜೊತೆಗೆ, “ಇನ್ನೂ ತಿಳಿಯದು” ಎಂಬ ಸ್ಥಿತಿಗೆ ಅದು ಎಷ್ಟು ಜಾಗ ಬಿಟ್ಟಿದೆಯೆಂದೂ ನೋಡಬೇಕು. ಇದು ಬರೀ ಸಾಹಿತ್ಯದ ಪ್ರಶ್ನೆಯಲ್ಲ. ಊರಿನಿಂದ ಬಂದವರನ್ನು ಪರೇಲಿನ ಟಾಟಾ ಆಸ್ಪತ್ರೆಗೆ ಕರೆದೊಯ್ದು, ವರದಿಯ ಕೌಂಟರಿನ ಮುಂದೆ ನಿಂತ ಅನುಭವ ಈ ಪತ್ರಿಕೆಯ ಅನೇಕ ಓದುಗರಿಗಿದೆ. ಟಾಟಾ ಸಂಸ್ಥೆಯದೇ ಒಂದು ಕ್ಯಾನ್ಸರ್ ಆಸ್ಪತ್ರೆ ಈಗ ವಿಶಾಖಪಟ್ಟಣದ ಅಗನಂಪೂಡಿಯಲ್ಲೂ ಇದೆ. ಪರೀಕ್ಷೆಗಳು ಹತ್ತಿರ ಬಂದಿವೆ, ಸೂಕ್ಷ್ಮವಾಗಿವೆ. ಸೂಕ್ಷ್ಮವಾದಷ್ಟೂ ಹೌದು-ಅಲ್ಲ ಎನ್ನಲಾಗದ ಉತ್ತರಗಳೂ ಹೆಚ್ಚುತ್ತವೆ. ಹಿಂದೆ ಕಾಣದೇ ಇದ್ದದ್ದು ಈಗ ಕಾಣುತ್ತದೆ, ಕಂಡದ್ದರ ಅರ್ಥ ಮಾತ್ರ ತಡವಾಗಿ ಬರುತ್ತದೆ. ಈ ನಡುವಿನ ಕಾಲದಲ್ಲಿ ಬದುಕುವ ಎಳೆಯರು ನಮ್ಮ ಮನೆಗಳಲ್ಲಿ ಇನ್ನೂ ಹೆಚ್ಚುತ್ತಾರೆ. ಅವರ ಕೈಗೆ ಕೊಡಲು ನಮ್ಮ ಭಾಷೆಯಲ್ಲಿ ಏನಿದೆ?

ದೊಡ್ಡ ಕಾದಂಬರಿಯೇ ಬೇಕೆಂದಿಲ್ಲ. ಸ್ಕ್ಯಾನಿಗೆ ಮುನ್ನಾದಿನದ ರಾತ್ರಿಯ ಉಪವಾಸ, ಕಚೇರಿಗೆ ಏನೆಂದು ರಜೆಚೀಟಿ ಬರೆಯುವುದೆಂಬ ಪೇಚು, ಅಮ್ಮ ದೇವರ ಮುಂದೆ ಇಟ್ಟ ಕವರು, ಬೇಡವೆಂದ ಸಂಬಂಧದ ಕಡೆಗೆ ಹೋಗುವ ಮನಸ್ಸು. ಇವನ್ನು ಕೊನೆ ತಿಳಿಯುವ ಮುಂಚೆ, ಆಯಾ ದಿನವೇ ಬರೆದಿಟ್ಟ ಒಂದು ದಿನಚರಿ ಸಾಕು. ಬರೆಯಬಲ್ಲ ಯುವಕರು ಈ ಓದುಗರಲ್ಲಿದ್ದರೆ, ಗುಣವಾದ ಮೇಲೆ ಬರೆಯೋಣವೆಂದು ಕಾಯದಿರಲಿ.

ನಮ್ಮ ಹುಡುಗ ಹೈದರಾಬಾದಿನ ಕೆಲಸಕ್ಕೆ ಒಪ್ಪಿಗೆ ಬರೆದು ಕಳಿಸಿದ್ದಾನೆ. ಸೇರುವ ದಿನವನ್ನು ಸ್ಕ್ಯಾನಿಗೆ ಮುಂಚೆಯೇ ಇಟ್ಟುಕೊಂಡಿದ್ದಾನೆ, ಅದು ಅವನದೇ ನಿರ್ಧಾರ. ಆ ಸಂಬಂಧದ ಮನೆಗೂ ಹೋದವಾರ ತಾನೇ ಫೋನು ಮಾಡಿದನಂತೆ. ಏನು ಮಾತಾಯಿತೆಂದು ನಾವು ಕೇಳಿಲ್ಲ. ಇದನ್ನು ಬರೆದು ಮುಗಿಸುವ ಹೊತ್ತಿಗೆ ಸ್ಕ್ಯಾನಿಗೆ ಇನ್ನೂ ಐದು ವಾರವಿದೆ.